ಮೀನು ಕತ್ತರಿಸುವವರ ಹನ್ನೊಂದು ಪತ್ರ

ಕೋವಿಡ್ ತಗ್ಗಿದ ಮರುವರ್ಷ ನಾನು ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಒಂದು ಸರ್ಜರಿಯಲ್ಲಿ ಜಿಪಿ, ಎಂದರೆ ಎಲ್ಲ ಕಾಯಿಲೆಗೂ ಮೊದಲು ನೋಡುವ ವೈದ್ಯ, ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಆಪರೇಷನ್ ನಡೆಯದ ಕ್ಲಿನಿಕ್ಕಿಗೆ ಈ ದೇಶದಲ್ಲಿ ಸರ್ಜರಿ ಎನ್ನುತ್ತಾರೆ. ಒಬ್ಬರಿಗೆ ಹತ್ತು ನಿಮಿಷ, ಒಂದೇ ಕಾಯಿಲೆ. ಎರಡನೆಯದಕ್ಕೆ ಬೇರೆ ಅಪಾಯಿಂಟ್‌ಮೆಂಟ್. ಈ ಶಾಸನವನ್ನು ಗೋಡೆಗೆ ಅಂಟಿಸಿದವನು ನಾನೇ.

ಜಲಜಾ ಮಲ್ಪೆ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ಊರ ಹೊರಗಿನ ಕಾರ್ಖಾನೆಯಲ್ಲಿ ಮೀನು ಸೀಳಿ ಮುಳ್ಳು ತೆಗೆಯುವ ಕೆಲಸ. ಅವರ ವೀಸಾ ಆ ಕಾರ್ಖಾನೆಗೇ ಗಂಟುಬಿದ್ದಿತ್ತು: ಕೆಲಸ ಹೋದರೆ, ಎರಡು ತಿಂಗಳೊಳಗೆ ವೀಸಾ ಕೊಡಿಸುವ ಬೇರೆ ಸ್ಪಾನ್ಸರ್ ಸಿಗದಿದ್ದರೆ, ದೇಶ ಬಿಡಬೇಕು.

ಐದು ತಿಂಗಳಲ್ಲಿ ಮೂರು ಸಲ ಅವರು ಮೂತ್ರದ ಸೋಂಕಿಗೆ ಬಂದರು. ಮೂರು ಸಲವೂ ನಾನು ಆಂಟಿಬಯೋಟಿಕ್ ಬರೆದು, ನೀರು ಚೆನ್ನಾಗಿ ಕುಡಿಯಿರಿ ಎಂಬ ಅಮೂಲ್ಯ ಸಲಹೆ ನೀಡಿ, ಉಳಿದ ಸಮಯವನ್ನು ಇಲ್ಲಿ ಒಳ್ಳೆಯ ಬಂಗುಡೆ ಮೀನು ಎಲ್ಲಿ ಸಿಗುತ್ತದೆಂಬ ಗಂಭೀರ ಚರ್ಚೆಗೆ ವಿನಿಯೋಗಿಸಿದೆ. ನಮ್ಮ ಕಡೆಯ ಹೆಂಗಸನ್ನು ಕನ್ನಡದಲ್ಲಿ ಶೌಚದ ವಿಷಯ ಕೇಳಲು ನನಗೆ ಸಂಕೋಚ. ಇಂಗ್ಲಿಷಿನಲ್ಲಿ ಅದೇ ಪ್ರಶ್ನೆಯನ್ನು ದಿನಕ್ಕೆ ಹತ್ತು ಮಂದಿಗೆ ಕೇಳುತ್ತಿದ್ದೆ.

ನಾಲ್ಕನೆಯ ಸಲ ಅವರು ಚಳಿಜ್ವರದಲ್ಲಿ ನಡುಗುತ್ತಾ ಬಂದರು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಆಗ ಬಾಯಿಬಿಟ್ಟೆ.

“ನೀರು ಕುಡೀತಿದ್ದೀರಾ?”

“ಇಲ್ಲ ಡಾಕ್ಟ್ರೇ. ಕುಡಿದ್ರೆ ಹೋಗ್ಬೇಕಲ್ಲ?”

“ಹೋಗಿ.”

“ಎಂತ ಹೋಗುದು ಮಾರಾಯ್ರೆ! ಇಡೀ ಲೈನಿಗೆ ಟಾಯ್ಲೆಟ್ ಕಾರ್ಡ್ ಇರುದು ಒಂದೇ, ಸೂಪರ್‌ವೈಸರ್ ಕುತ್ತಿಗೆಯಲ್ಲಿ. ಅದು ಇಲ್ಲದೆ ಹೋಗ್ಲಿಕ್ಕೆ ಇಲ್ಲ. ಕೇಳಿದ್ರೆ ಗಡಿಯಾರ ನೋಡ್ತಾನೆ.”

ನನಗೆ ಇದ್ದಕ್ಕಿದ್ದಂತೆ ವೀರಾವೇಶ ಬಂತು. ಕಾರ್ಖಾನೆಗೆ ಈಗಲೇ ಖಾರವಾಗಿ ಬರೆಯುತ್ತೇನೆಂದೆ.

“ನನ್ನೊಬ್ಳ ಹೆಸರು ಬರೆದ್ರೆ ನಾನೊಬ್ಳೇ ಮಲ್ಪೆಗೆ ವಾಪಸ್. ಸ್ವಲ್ಪ ನಿಲ್ಲಿ,” ಎಂದು ಮದ್ದು ಹಿಡಿದು ಹೊರಟುಹೋದರು.

ಎರಡು ವಾರದ ನಂತರ ಒಂದು ಸೋಮವಾರ ನಮ್ಮ ರಿಸೆಪ್ಷನಿಸ್ಟ್ ಗಾಬರಿಯಿಂದ ಒಳಬಂದರು. “ಡಾಕ್ಟರ್, ಮೀನಿನ ಕಾರ್ಖಾನೆಯಲ್ಲಿ ಏನಾದರೂ ಹರಡಿದೆಯಾ?” ಜಲಜಾ ಮತ್ತು ಅವರ ಲೈನಿನ ಹತ್ತು ಮಂದಿ ಹೆಂಗಸರು, ರೊಮೇನಿಯಾದವರು, ಘಾನಾದವರು, ಕೇರಳದವರು, ಒಂದೇ ದಿನ ಅಪಾಯಿಂಟ್‌ಮೆಂಟ್ ಹಿಡಿದಿದ್ದರು. ನನ್ನ ಶಾಸನವನ್ನು ಅಷ್ಟು ಶಿಸ್ತಾಗಿ ಪಾಲಿಸಿದವರು ಅವರೇ ಮೊದಲು: ಒಬ್ಬೊಬ್ಬರಿಗೆ ಒಂದೇ ತೊಂದರೆ, ಎಲ್ಲರಿಗೂ ಅದೇ. ಹರಕು ಇಂಗ್ಲಿಷಿನಲ್ಲಿ, ಊಟದ ಡಬ್ಬಿ ಹಂಚಿಕೊಳ್ಳುತ್ತಾ, ಜಲಜಾ ಒಬ್ಬೊಬ್ಬರನ್ನೇ ಒಪ್ಪಿಸಿದ್ದರು.

ಎಲ್ಲರನ್ನೂ ಪರೀಕ್ಷಿಸಿದೆ. ಆರು ಮಂದಿಗೆ ಸೋಂಕು. ನೀರು ಕುಡಿಯುವವರು ಒಬ್ಬರೂ ಇಲ್ಲ. ಬೇಕಾದಾಗ ಶೌಚಾಲಯಕ್ಕೆ ಹೋಗಲು ಬಿಡುವುದು ವೈದ್ಯಕೀಯ ಅಗತ್ಯ ಎಂದು ಹನ್ನೊಂದು ಪತ್ರ ಬರೆದು ಅವರವರ ಕೈಗೇ ಕೊಟ್ಟೆ.

ಗುರುವಾರ ಹನ್ನೊಂದು ಮಂದಿಯೂ ಒಟ್ಟಿಗೆ ಹೋಗಿ ಅವನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟರು. ಕ್ರಿಸ್‌ಮಸ್ ಆರ್ಡರು ತಲೆಯ ಮೇಲೆ ಕೂತಿತ್ತು. ಒಬ್ಬಳನ್ನು ಮನೆಗೆ ಕಳಿಸಬಹುದಿತ್ತು. ಹನ್ನೊಂದು ಮಂದಿಯನ್ನು ಕಳಿಸಿದರೆ ಸಾಲ್ಮನ್ ಮೀನಿನ ಮುಳ್ಳು ತೆಗೆಯಲು ಮ್ಯಾನೇಜರೇ ಕೂರಬೇಕು.

ಮುಂದಿನ ವಾರ ಜಲಜಾ ಮರುಪರೀಕ್ಷೆಗೆ ಬಂದರು. ಮುಖದಲ್ಲಿ ಕಳೆ ಇತ್ತು.

“ಕಾರ್ಡ್ ತೆಗೆದ್ರು ಡಾಕ್ಟ್ರೇ. ಕೆಲಸ ಯಾರದ್ದೂ ಹೋಗ್ಲಿಲ್ಲ. ಇದು ತನ್ನದೇ ಐಡಿಯಾ ಅಂತ ಮ್ಯಾನೇಜರ್ ನೋಟೀಸ್ ಹಾಕಿದ್ದಾನೆ.”

“ಸಿಟ್ಟು ಬರಲಿಲ್ವೇ?”

“ಹಾಕ್ಲಿ ಬಿಡಿ. ನಾವು ಹೋಗಿ ಬರ್ತೇವಲ್ಲ!”

ಅಲ್ಲಿಂದ ನಿವೃತ್ತಿಯವರೆಗೆ, ಯಾರೇ ಬಂದರೂ ಅವರ ಶಿಫ್ಟ್ ಹೇಗೆ ಸಾಗುತ್ತದೆಂದು ಮೊದಲು ಕೇಳುತ್ತಿದ್ದೆ, ಕನ್ನಡದವರನ್ನು ಕನ್ನಡದಲ್ಲೇ. ಮೂವತ್ತು ವರ್ಷದ ಅನುಭವ ಹೊತ್ತ ನಾನು ಬ್ಯಾಕ್ಟೀರಿಯಾ ಹುಡುಕುತ್ತಿದ್ದಾಗ, ರೋಗದ ಮೂಲವನ್ನು ಬಲ್ಲವರೂ ಅದಕ್ಕೆ ಮದ್ದು ಕಂಡವರೂ ಜಲಜಾ. ನಾನು ಮಾಡಿದ್ದು ಸಹಿ.