ಬುಟ್ಟಿ ತುಂಬಿದ ರೊಟ್ಟಿ

ನಾನು ಸುಳ್ಳು ಹೇಳಿದ್ದೆ — ಅಂದರೆ, ಹೇಳಬೇಕಾದದ್ದನ್ನು ಹೇಳದೆ ಬಿಟ್ಟಿದ್ದೆ. ಅದರ ಭಾರ ಹೊತ್ತವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಶಾಂತಾ.

ಮನಸ್ಸಿಗೆ ಮಂಕು ಕವಿದು ಏಳಲಾಗದಂತಾದಾಗ ಇಂಡಿ ಊರಿನ ಆಪ್ತಸಮಾಲೋಚಕಿಯೊಬ್ಬರ ಹತ್ತಿರ ಹೋಗತೊಡಗಿದೆ. ಸಿಂದಗಿಯಿಂದ ಪ್ರತಿಸಲ ಬಸ್ಸಿನಲ್ಲಿ ಜೊತೆಗೆ ಬಂದವಳು ಶಾಂತಾ. ನಾನು ಸುಧಾರಿಸಿದ ಮೇಲೆ, ಕೊನೆಯ ಭೇಟಿಯಲ್ಲಿ, ಮೇಡಂ ಕೇಳಿದರು: "ಇದು ತಿರುಗಿ ಬರೂ ಮುಂದ ಮೊದಲ ಏನ್ ಬದಲಾಗತೈತಿ ಹೇಳ್ರಿ. ಮನ್ಯಾಗಿನವರು ಅದನ್ನ ಕಂಡ ಕೂಡಲೇ ಕರಕೊಂಡು ಬರಬೇಕು."

"ನಿದ್ದಿ ಬರಂಗಿಲ್ರಿ, ಊಟ ಸೇರಂಗಿಲ್ರಿ" ಎಂದೆ.

"ನಾ ಕಣ್ಣಿಟ್ಟಿರ್ತೇನ್ರಿ" ಎಂದಳು ಶಾಂತಾ.

ನಿದ್ದೆ, ಊಟ ಕೆಡುವುದು ಆಮೇಲೆ. ಎಲ್ಲಕ್ಕಿಂತ ಮೊದಲು ನಾನು ರಾಶಿಗಟ್ಟಲೆ ರೊಟ್ಟಿ ಬಡಿಯುತ್ತೇನೆ. ಹಾಸಿಗೆ ಹಿಡಿಯುವ ದಿನ ಬರುತ್ತಿದೆಯೆಂದು ಕೈಗೆ ಮೊದಲೇ ತಿಳಿಯುತ್ತದೋ ಏನೋ — ಮನೆಮಂದಿಗೆ ಕಡಿಮೆ ಬೀಳಬಾರದೆಂದು ಖಡಕ್ ರೊಟ್ಟಿ ಒಣಗಿಸಿ ಬುಟ್ಟಿಯಲ್ಲಿ ಒಟ್ಟುತ್ತೇನೆ. ಇದು ನನಗೆ ಗೊತ್ತಿತ್ತು. ತುಟಿಯವರೆಗೂ ಬಂದಿತ್ತು. ಆದರೆ ಈ ಮನೆಯಲ್ಲಿ ನನ್ನನ್ನು ಹೊಗಳುವುದು ರೊಟ್ಟಿಗೆ ಮಾತ್ರ — ಅದನ್ನೂ ಕಾಯಿಲೆ ಎಂದು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ಮರುವರ್ಷ ಬುಟ್ಟಿ ತುಂಬಿತು. "ಏನ್ ಯಕ್ಕಾ, ಯಾರ ಮದವಿ ಇಟಗೊಂಡೀ? ರೊಟ್ಟಿ ಜೋಡಿ ತಿನ್ನಾಕ ಗುರೆಳ್ಳು ಹಿಂಡಿ ನಾ ಕುಟ್ಲೇನು?" ಎಂದು ಶಾಂತಾ ನಕ್ಕಳು. ನಾನೂ ನಕ್ಕೆ. ಆಗಲಾದರೂ ಹೇಳಬಹುದಿತ್ತು —

ಕೆಲವೇ ದಿನಗಳಲ್ಲಿ ಹಾಸಿಗೆ ಹಿಡಿದೆ. ಮಾತು, ಸ್ನಾನ ಎರಡೂ ನಿಂತವು. ಅವಳೇ ಮತ್ತೆ ಇಂಡಿಗೆ ಕರೆದೊಯ್ದಳು. ಬಸ್ಸಿನಲ್ಲಿ ನನ್ನ ಕೈ ಹಿಡಿದು ಅತ್ತಳು: "ನಿನ್ನ ತಾಟು ನೋಡತಿದ್ದೆ, ನಿದ್ದಿ ನೋಡತಿದ್ದೆ. ಎಲ್ಲಿ ತಪ್ಪಿದ್ನೋ ನಾ."

ನಾನು ಕಿಟಕಿಯ ಕಡೆ ನೋಡಿದೆ.

ಅವಳೀಗ ಗಂಡನ ಕೆಲಸದ ಸಲುವಾಗಿ ಬಸವನ ಬಾಗೇವಾಡಿಯಲ್ಲಿದ್ದಾಳೆ. ಫೋನಿನಲ್ಲಿ ಈಗಲೂ ಮೊದಲು ಕೇಳುವುದು ನನ್ನ ನಿದ್ದೆಯ ಸುದ್ದಿಯನ್ನೇ.

ಈ ವಾರ ಬುಟ್ಟಿ ಅರ್ಧಕ್ಕೆ ಬಂದಿದೆ. ನಿದ್ದೆ ಚೆನ್ನಾಗಿದೆ, ಊಟವೂ. ಇಂದು ಬೆಳಿಗ್ಗೆ ಹಂಚು ಕೆಳಗಿಳಿಸಿ, ಹಿಟ್ಟಿನ ಕೈಯಲ್ಲೇ ಅವಳಿಗೆ ಫೋನ್ ಮಾಡಿದೆ.

"ರೊಟ್ಟಿ ಭಾಳ ಮಾಡಾಕತ್ತೇನಿ, ಶಾಂತಾ."

"ಛಲೋ ಆತಲ್ಲ! ನನಗೂ ಒಂದಿಷ್ಟು ಕಳಸು."

"ಹಂಗಲ್ಲ, ಶಾಂತಾ. ಅದೇ ಮೊದಲ ಬರೂದು. ಆವಾಗೂ ಅದೇ ಬಂದಿತ್ತು. ನನಗ ಗೊತ್ತಿತ್ತು, ಹೇಳಲಿಲ್ಲ. ನೀ ಎಲ್ಲೂ ತಪ್ಪಿರಲಿಲ್ಲ."

"ಬರ್ತೇನಿ, ಇಂಡಿಗೆ ಹೋಗೂಣು" ಎಂದಷ್ಟೇ ಹೇಳಿ ಫೋನ್ ಇಟ್ಟಳು. ಸಿಟ್ಟೋ, ಅಳುವೋ — ನನಗೆ ತಿಳಿಯಲಿಲ್ಲ. ಕೇಳುವ ಹಕ್ಕೂ ನನಗಿರಲಿಲ್ಲ.

ನಾದಿಟ್ಟ ಹಿಟ್ಟು ಇನ್ನೂ ಉಳಿದಿತ್ತು. ಎಮ್ಮೆಗೆ ಹಾಕಿ ಬಂದೆ.