ಹಾಡು ನಿಲ್ಲಿಸುತ್ತಿದ್ದವಳು

ಕೊಳ್ಳೇಗಾಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ರೇಷ್ಮೆ ಸೀರೆ ನೇಯುವ ಹೆಂಗಸಿನಿಂದ ನನಗಾದ ತಲೆನೋವು ಅಷ್ಟಿಷ್ಟಲ್ಲ. ಕಲ್ಯಾಣ ಮಂಟಪದ ಮಹಡಿಯಲ್ಲಿ ಹೊಸದಾಗಿ ಡ್ಯಾನ್ಸ್ ಫಿಟ್‌ನೆಸ್ ಕ್ಲಾಸು ಶುರುವಾದಾಗ, "ಬಾ ಅಕ್ಕ, ಒಂದ್ಸಲ ಓಗ್ ನೋಡವ" ಎಂದು ನನ್ನನ್ನು ಎಳೆದುಕೊಂಡು ಹೋದವಳು ಅವಳೇ.

ಹೆಜ್ಜೆ ನನಗೂ ತಪ್ಪುತ್ತಿತ್ತು. ನಾನು ಸುಮ್ಮನೆ ಕೈ ಬೀಸಿಕೊಂಡು ಮುಂದಿನ ಹೆಜ್ಜೆಗೆ ಹೋಗಿಬಿಡುತ್ತಿದ್ದೆ. ಇವಳು ಹಾಗಲ್ಲ. ತಪ್ಪಿದ ಕೂಡಲೇ ಎರಡೂ ಕೈ ಮೇಲೆತ್ತಿ, "ನಿಲ್ಸಿ ಮೇಡಂ, ನಿಲ್ಸಿ!" ಎಂದು ಕೂಗಿ ಹಾಡನ್ನೇ ನಿಲ್ಲಿಸಿಬಿಡುತ್ತಿದ್ದಳು.

"ಇದೇನೇ ನಿಂದು?" ಎಂದರೆ, "ಎಳೆ ಕಡುದ್ರೆ ಮಗ್ಗ ನಿಲ್ಸಿ ಗಂಟಾಕ್‌ಬೇಕು. ಅಂಗೇ ನೇಯ್ಕಂಡೋದ್ರೆ ಸೀರೆ ಪೂರಾ ಕೆಡ್ತದೆ ಕಣಕ್ಕ" ಎನ್ನುವಳು. ಮೈ ಬಿಸಿಯಾಗುವ ಹೊತ್ತಿಗೆ ಎಲ್ಲರೂ ನಿಲ್ಲಬೇಕು, ಹಾಡು ಮತ್ತೆ ಮೊದಲಿನಿಂದ. ಒಂದು ಹಾಡಾದರೂ ಕೊನೆ ಮುಟ್ಟಿದ್ದನ್ನು ನಾನು ಕಾಣೆ. ಮೇಡಂ ಬೈಯಲೂ ಆಗದೆ, ನಗಲೂ ಆಗದೆ ನೀರು ಕುಡಿಯುತ್ತಾ ನಿಲ್ಲುತ್ತಿದ್ದರು.

ನನಗೆ ರೋಸಿಹೋಯಿತು. ಒಂದು ಸಂಜೆ ಯಾರಿಗೂ ಹೇಳದೆ ಮನೆಯಲ್ಲೇ ಕಾಫಿ ಕುಡಿಯುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಅವಳು ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಳು.

"ಯಾಕಕ್ಕ ಬರ್ನಿಲ್ಲ?"

"ನೀನೋಗಿ ಕುಣಿ ತಾಯಿ. ನಾನೊಬ್ಳು ಇಲ್ದಿದ್ರೆ ಏನಾಗೋಯ್ತದೆ?" ಎಂದು ರೇಗಿದೆ.

ಅವಳು ಮೂಲೆಯಲ್ಲಿದ್ದ ನನ್ನ ಶೂ ತಂದು ಕಾಲ ಮುಂದೆ ಇಟ್ಟಳು.

"ನೀನ್ ಬರಗಂಟ ಹಾಡ್ ಆಕ್ಬ್ಯಾಡಿ ಅಂದಿವ್ನಿ. ಎಲ್ರೂ ನಿಂತವ್ರೆ, ಬಾ."