ಬ್ಯಾಂಕಾಕಿಗೆ ಹೊರಟವರು ಮೊದಲು ರುದ್ರಮ್ಮನಿಗೆ ಫೋನ್ ಮಾಡಿ

ನಾನು ಮುಂಗೋಪಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ರುದ್ರಮ್ಮನ ವಿಷಯ ಹೇಳಲು ಕೂತರೆ ಮಾತಿಗಿಂತ ಮುಂಚೆ ನಗು ಬರುತ್ತದೆ, ಅದಕ್ಕೆ ನಾನೇನೂ ಮಾಡಲಾರೆ.

ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ನಮ್ಮದು ಮೇಲಿನ ಅಪಾರ್ಟ್‌ಮೆಂಟು, ಅವರದು ಕೆಳಗಿನದು. ಗಂಡ ಗುರುಲಿಂಗಪ್ಪನವರು ಅಲ್ಲಿಯ ಒಂದು ಬೇರಿಂಗ್ ಕಾರ್ಖಾನೆಯಲ್ಲಿ ಇಂಜಿನಿಯರು. ಅವರ ಪಾಲಿನ ಮಾತನ್ನೂ ರುದ್ರಮ್ಮನೇ ಆಡುತ್ತಿದ್ದರು. ಹತ್ತಿರದ ಓಹೇರ್ ನಿಲ್ದಾಣದಿಂದ ಏರಿದ ವಿಮಾನಗಳು ನಮ್ಮ ಸೂರಿನ ಮೇಲೆಯೇ ಹಾಯುತ್ತಿದ್ದವು. ವಿಮಾನ ಬಂದರೆ ನಾವೆಲ್ಲ ಅದು ದಾಟಿ ಹೋಗುವವರೆಗೂ ಅರ್ಧ ಮಾತು ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದೆವು. ರುದ್ರಮ್ಮ ಮಾತ್ರ ಕಿಟಕಿಗೆ ಓಡಿ, ಕತ್ತೆತ್ತಿ ನೋಡಿ, "ಇದು ಪಶ್ಚಿಮಕ್ಕ ಹೊಂಟತಿ" ಎಂದು ಬಂದು ಕೂರುತ್ತಿದ್ದರು.

ಆಗ ಊರಿಗೆ ಹೋಗುವುದೆಂದರೆ ನಾಲ್ಕು ವರ್ಷಕ್ಕೊಮ್ಮೆ. ಪೆಸಿಫಿಕ್ ಮೇಲಿನಿಂದ ಹೋದರೆ ಅದೇ ಟಿಕೆಟಿನಲ್ಲಿ ಬ್ಯಾಂಕಾಕಿನಲ್ಲಿ ಎರಡು ದಿನ ಇಳಿಯಬಹುದಿತ್ತು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು, ಬಿಡುತ್ತೇವೆಯೇ? ಟಿಕೆಟು ಕೈಗೆ ಬಂದ ದಿನವೇ ಡೆಟ್ರಾಯ್ಟಿನವರು, ನೇಪರ್‌ವಿಲ್‌ನವರು, ಕನ್ನಡ ಬಲ್ಲವರೆಲ್ಲ ರುದ್ರಮ್ಮನಿಗೆ ಫೋನ್ ಮಾಡುತ್ತಿದ್ದರು. ಕಡಿಮೆ ಖರ್ಚಿನಲ್ಲಿ ಬ್ಯಾಂಕಾಕ್ ನೋಡುವ ವಿದ್ಯೆಗೆ ಅವರೇ ಗುರು. "ನಾ ಹೋದಾಗ" ಎಂದು ಅವರು ಶುರುಮಾಡಿದರೆ ಪೆನ್ನು ಹುಡುಕಬೇಕು.

ಎಪ್ಪತ್ತೊಂದರಲ್ಲಿ ನನ್ನ ಸರದಿ ಬಂತು. "ನಾ ಹೋದಾಗ ಹಿಂಗ ಮಾಡಿದೆ, ನೀನೂ ಹಂಗ ಮಾಡು," ಎಂದರು. "ಟ್ಯಾಕ್ಸಿಯೊಳಗ ಕೂಡೂಕಿಂತ ಮೊದಲ ರೇಟ್ ಮಾತಾಡು. ಅಂವ ಹೇಳಿದ್ದರಾಗ ಅರ್ಧಾ ಕೇಳು. ಒಲ್ಲೆ ಅಂದ್ರ ಹಿಂದ ನೋಡದ ನಡಿ, ಮೂರನೇ ಹೆಜ್ಜಿಗೆ ಕರೀತಾನ. ಲೇಸಿನ ಬೂಟು ಹಾಕ್ಕೋಬ್ಯಾಡ, ಗುಡಿ ಗುಡಿಗೆ ಬಿಚ್ಚಬೇಕಾಗತೈತಿ. ಅನ್ನ ಎಲ್ಲಾ ಕಡೆ ಸಿಗತೈತಿ, ಅದರ ಮ್ಯಾಲೆ ಅವರು ಏನ ಹಾಕ್ತಾರ ಕೇಳಾಕ ಹೋಗಬ್ಯಾಡ. ನನ್ನ ಶೇಂಗಾ ಚಟ್ನಿಪುಡಿ ಕೊಡ್ತೀನಿ, ಕಲಿಸ್ಕೊಂಡ ಉಣ್ಣು. ಮುಂಜಾನಿ ದೋಣಿ ಹತ್ತಿ ಹೊಳಿ ಮ್ಯಾಲೆ ಹೋಗು, ನಾಕ ಕಾಸಿನಾಗ ಇಡೀ ಊರು ನೋಡಬಹುದು. ಎಡಗಡೆ ಕೂಡು, ನೆರಳಿರತೈತಿ."

"ರೇಷ್ಮೆ?" ಎಂದೆ. ನನಗೆ ಬೇಕಾಗಿದ್ದದ್ದು ಅದೇ.

"ಕಿಶಿನ್‌ಚಂದನ ಅಂಗಡಿಗೆ ಹೋಗು. ಶಿಕಾಗೋ ರುದ್ರಮ್ಮ ಕಳಿಸ್ಯಾಳ ಅನ್ನು, ಕಡಿಮಿ ಮಾಡ್ತಾನ."

ಒಂದೂ ಸುಳ್ಳಾಗಲಿಲ್ಲ. ಟ್ಯಾಕ್ಸಿಯವನು ಮೂರನೇ ಹೆಜ್ಜೆಗೇ ಕರೆದ, ನಾನು ಎಣಿಸಿದೆ. ಕಿಶಿನ್‌ಚಂದ್ ಎಂಬ ಸಿಂಧಿ ಮುದುಕ ಹಿಂದೆ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ವ್ಯಾಪಾರ ಮಾಡಿದ್ದವನಂತೆ. ರುದ್ರಮ್ಮನ ಹೆಸರು ಹೇಳಿದ್ದೇ ತಡ, ಕುರ್ಚಿ ಹಾಕಿಸಿ, ಎಳನೀರು ತರಿಸಿ, ಕನ್ನಡದಲ್ಲೇ ಕ್ಷೇಮ ಕೇಳಿದ. ವಾಪಸು ಬಂದು ನಾನು ಎಲ್ಲ ವರದಿ ಒಪ್ಪಿಸುವಾಗ ರುದ್ರಮ್ಮ ಗಲ್ಲಕ್ಕೆ ಕೈಕೊಟ್ಟು ಕೂತು, "ಹೊಳಿ ನೀರು ಯಾ ಬಣ್ಣ ಐತಿ? ದೋಣಿ ಭಾಳ ಅಲಗಾಡತೈತೇನು?" ಎಂದು ಕೇಳಿದರು.

"ನೀವೇ ನೋಡಿದೀರಲ್ಲ," ಎಂದೆ.

"ಹೌದವಾ. ಈಗ ಹೆಂಗ ಐತೋ ಅಂತ ಕೇಳಿದೆ."

ನನ್ನ ಮಂದ ಬುದ್ಧಿಗೆ ಆಗಲೂ ಏನೂ ಹೊಳೆಯಲಿಲ್ಲ.

ಎಪ್ಪತ್ತೇಳರ ದೀಪಾವಳಿ. ಒಂದು ಚರ್ಚಿನ ನೆಲಮಾಳಿಗೆ ಬಾಡಿಗೆ ಹಿಡಿದು, ಎಲ್ಲರೂ ಒಂದೊಂದು ಅಡುಗೆ ತಂದು ಊಟ ಇಟ್ಟುಕೊಂಡಿದ್ದೆವು. ಹೊರಗೆ ಹಿಮ, ಒಳಗೆ ಬಿಸಿಬೇಳೆಬಾತು. ಅದೇ ಬೆಳಗ್ಗೆ ನಮ್ಮ ಯಜಮಾನರು ಉಪೇಂದ್ರ ಬೇಳೆ ತರಲು ನಮ್ಮ ದೇಶದವರ ಅಂಗಡಿಗಳಿದ್ದ ಡೆವಾನ್ ಬೀದಿಗೆ ಹೋದವರು ಕುಣಿದುಕೊಂಡು ಬಂದರು. ಬ್ಯಾಂಕಾಕಿನ ಕಿಶಿನ್‌ಚಂದ್ ಅಲ್ಲಿ ಅಂಗಡಿಯಿಟ್ಟಿದ್ದ ತಮ್ಮನ ಮಗನನ್ನು ನೋಡಲು ಬಂದಿದ್ದಾನಂತೆ, ಬಂದ ಕನ್ನಡದವರನ್ನೆಲ್ಲ "ಶಿಕಾಗೋ ರುದ್ರಮ್ಮ ಗೊತ್ತಾ?" ಎಂದು ಕೇಳುತ್ತಿದ್ದಾನಂತೆ. ರುದ್ರಮ್ಮನಿಗೆ ಹೇಳದೆ ಕರೆದುಕೊಂಡು ಬನ್ನಿ, ಹಳೇ ಗೆಳೆಯನನ್ನು ಕಂಡು ಬೆಚ್ಚಿ ಬೀಳಲಿ ಎಂದವಳು ನಾನೇ.

ಮುದುಕ ರೇಷ್ಮೆ ಸೀರೆಯ ಪೊಟ್ಟಣ ಹಿಡಿದು ಒಳಗೆ ಬಂದ. ಅರುವತ್ತು ಜನ ತಟ್ಟೆ ಹಿಡಿದು ನಿಂತಿದ್ದರು. ನಾನು ರುದ್ರಮ್ಮನ ಕೈ ಹಿಡಿದು ಮುಂದೆ ತಂದು ನಿಲ್ಲಿಸಿದೆ.

"ಎಂಟೊಂಬತ್ತು ವರ್ಷ ನಿಮ್ಮ ಹೆಸರು ಕೇಳಿದೆ ಅಮ್ಮಾ," ಎಂದು ಅವನು ಕೈಮುಗಿದ. "ಮುಖ ಇವತ್ತೇ ನೋಡಿದ್ದು. ಎಲ್ಲಾರನ್ನ ನನ್ನ ಅಂಗಡಿಗೆ ಕಳಿಸ್ತೀರಿ, ನೀವು ಯಾವಾಗ ಬರೋದು?"

ಚಮಚದ ಸದ್ದೂ ನಿಂತಿತು. ಡೆಟ್ರಾಯ್ಟಿನ ಬದರೀನಾಥ ಅಲ್ಲೇ ನಿಂತಿದ್ದರು. ಕಾರು ಕಂಪನಿಯಲ್ಲಿ ಲೋಹದ ತುಂಡು ಅಳೆಯುವುದೇ ಅವರ ಕೆಲಸ, ಮಾತನ್ನೂ ಹಾಗೇ ಅಳೆಯುವ ಮನುಷ್ಯ. ಪಾಪ, ಅವರೇ ದಾರಿ ತೋರಿಸಿದರು: "ನೀವು ಹೋದಾಗ ಅಂಗಡಿ ಬಾಗಿಲು ಹಾಕಿತ್ತು ಅಂತ ಕಾಣುತ್ತೆ, ಅಲ್ವಾ ರುದ್ರಮ್ಮನೋರೇ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅವರ ಹೆಸರು ಉಳಿಯುತ್ತಿತ್ತು.

"ಇಲ್ಲರೀ," ಎಂದರು ರುದ್ರಮ್ಮ. "ನಾ ಹೋಗೇ ಇಲ್ಲ. ಬ್ಯಾಂಕಾಕಿನ ನೆಲಾನ ತುಳದಿಲ್ಲ."

ಅವರೇ ಮುಂದುವರಿಸಿದರು. "ಅರವತ್ತೆಂಟರಾಗ ಟಿಕೇಟ್ ಆಗಿತ್ತು. ಆರು ತಿಂಗಳ ಲೈಬ್ರರಿಯೊಳಗ ಓದಿ, ಕಂಡಕಂಡವರನ್ನ ಕೇಳಿ, ಎಲ್ಲಾ ತಯಾರಿ ಮಾಡ್ಕೊಂಡಿದ್ದೆ. ಹೊರಡೂ ವಾರ ಅತ್ತಿಯವರಿಗೆ ಆರಾಮಿಲ್ಲಂತ ತಾರ ಬಂತು, ಲಂಡನ್ ಮ್ಯಾಲಿಂದ ಸೀದಾ ಹೋದಿವಿ. ತಿರುಗಿ ಬಂದಾಗ ಒಬ್ಬಾಕಿ ಬ್ಯಾಂಕಾಕ್ ಹೆಂಗಿತ್ತು ಅಂದಳು. ಬಾಯಿ ತಪ್ಪಿ, ಚೊಲೋ ಇತ್ತು ಅಂದೆ. ಆಮ್ಯಾಲೆ ಬಿಸಿತುಪ್ಪ ಆತು. ನುಂಗಾಕೂ ಆಗಲಿಲ್ಲ, ಉಗುಳಾಕೂ ಆಗಲಿಲ್ಲ. ಮತ್ತ ಆ ದಾರಿಲೆ ಹೋಗೂ ಯೋಗನೂ ಬರಲಿಲ್ಲ. ಹೋಗಿ ಬಂದವರನ್ನ ಕೇಳೋದು, ಹೋಗೂ ಮಂದಿಗೆ ಹೇಳೋದು. ಇಷ್ಟ ನಾ ಮಾಡಿದ್ದು."

ನನಗೆ ಕೆಂಡದಂಥ ಕೋಪ ಬಂತು. ಆರು ವರ್ಷ ನನ್ನ ಮೂಗಿನ ಕೆಳಗೇ ಈ ನಾಟಕ. ಬಾಯಿ ತೆರೆದೆ, ಅಷ್ಟರಲ್ಲಿ ಬದರೀನಾಥ ತಟ್ಟೆ ಕೆಳಗಿಟ್ಟರು.

"ಅದಿರಲಿ. ಟ್ಯಾಕ್ಸಿಯವನು ಮೂರನೇ ಹೆಜ್ಜೆಗೆ ಕರೀತಾನೆ ಅಂದ್ರಿ. ನನ್ನನ್ನೂ ಸರಿಯಾಗಿ ಮೂರನೇ ಹೆಜ್ಜೆಗೇ ಕರೆದ. ಹೋಗದೇ ಅದು ನಿಮಗೆ ಹೇಗೆ ಗೊತ್ತಾಯ್ತು?"

"ಹುಬ್ಬಳ್ಳಿ ಟೇಶನ್ ಮುಂದ ಟಾಂಗಾದಂವ ಮೂರನೇ ಹೆಜ್ಜಿಗೇ ಕರೀತಿದ್ದರೀ," ಎಂದರು ರುದ್ರಮ್ಮ. "ಮನಷಾ ಎಲ್ಲಾ ಕಡೆ ಒಂದ."

ಮೊದಲು ನಕ್ಕವರು ಬದರೀನಾಥ. ಅವರು ನಕ್ಕಿದ್ದನ್ನು ಅವರ ಹೆಂಡತಿ ಪದ್ಮ ಕೂಡ ನೋಡಿರಲಿಲ್ಲವಂತೆ. ಆಮೇಲೆ ಯಾರು ಯಾರನ್ನು ಹಿಡಿಯಬೇಕು? ನಕ್ಕು ನಕ್ಕು ನನ್ನ ಕೈಯ ಮೊಸರು ಬಜ್ಜಿ ಉಪೇಂದ್ರರ ಹೊಸ ಕೋಟಿನ ಮೇಲೆ ಬಿತ್ತು, ನನ್ನ ಕೋಪ ಎಲ್ಲಿ ಹೋಯಿತೋ. ಕಿಶಿನ್‌ಚಂದ್ ಆ ಹುಬ್ಬಳ್ಳಿ ಮಾತು ಪೂರಾ ತಿಳಿಯದೆಯೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಗದ್ದಲ ಇಳಿದ ಮೇಲೆ ಗುರುಲಿಂಗಪ್ಪನವರು ಎದ್ದು ನಿಂತರು. ಅವರು ಎದ್ದು ನಿಂತು ಮಾತಾಡಿದ್ದು ಅದೊಂದೇ ಸಲ.

"ಜೂನ್‌ದಾಗ ಹೋಗೋಣು," ಎಂದು ಕೂತರು.

ಜೂನಿನಲ್ಲಿ ಓಹೇರ್ ಗೇಟಿನ ಬಳಿ ನಾವು ಇಪ್ಪತ್ತು ಜನ ಸೇರಿದ್ದೆವು, ಡೆಟ್ರಾಯ್ಟಿನಿಂದ ಐದು ಗಂಟೆ ಡ್ರೈವ್ ಮಾಡಿ ಬಂದವರೂ ಇದ್ದರು. ರುದ್ರಮ್ಮ ಮುದುಕ ತಂದುಕೊಟ್ಟ ಅದೇ ರೇಷ್ಮೆ ಸೀರೆ ಉಟ್ಟು, ಲೇಸಿಲ್ಲದ ಚಪ್ಪಲಿ ಮೆಟ್ಟಿದ್ದರು. ಹತ್ತು ವರ್ಷ ಅವರಿಂದ ಕೇಳಿದ್ದನ್ನೆಲ್ಲ ಆ ದಿನ ಎಲ್ಲರೂ ಅವರಿಗೇ ಒಪ್ಪಿಸಿದರು. ಟ್ಯಾಕ್ಸಿಗೆ ಅರ್ಧ ಕೇಳಿ ಎಂದಳು ಒಬ್ಬಳು. ಪದ್ಮ ತಾನೇ ಮಾಡಿದ ಚಟ್ನಿಪುಡಿ ಕೊಟ್ಟಳು. ರುದ್ರಮ್ಮ ಮೊದಲ ಸಲ ಕೇಳುವವರ ಹಾಗೆ ತಲೆಯಾಡಿಸಿದರು, ಒಬ್ಬರನ್ನೂ ತಿದ್ದಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ.

ವಿಮಾನಕ್ಕೆ ಕರೆದರು. ಬದರೀನಾಥ ಹಿಂದಿನಿಂದ ಕೂಗಿದರು: "ರುದ್ರಮ್ಮನೋರೇ, ಬೆಳಗಿನ ದೋಣೀಲಿ ಎಡಗಡೆ ಕೂತ್ಕೊಳ್ಳಿ, ನೆರಳಿರುತ್ತೆ."

ರುದ್ರಮ್ಮ ತಿರುಗಿ ನಿಂತರು. "ನೆರಳು ನಿಮಗಿರ್ಲಿರೀ," ಎಂದರು. "ಹತ್ತು ವರ್ಷ ಫೋನಿನಾಗ ನೋಡೀನಿ. ಈಗ ಯಾ ಕಡೆ ಚೊಲೋ ಕಾಣತೈತಿ, ಆ ಕಡೆ ಕೂಡಾಕಿ ನಾ."